ಅಜ್ಜಿಗೆ 'ಹೇಗಿದೀಯೋ' ಅಂದ ದಿನ

ಅಬ್ಖಾಜ್ ಭಾಷೆಯಲ್ಲಿ ಮೊದಲ ಸಲ ಬಾಯಿ ಬಿಟ್ಟಿದ್ದೇ ಎಂಬತ್ತು ದಾಟಿದ ಅಜ್ಜಿಯೊಬ್ಬರ ಮುಂದೆ. ಬಾಯಿ ಬಿಟ್ಟು ಅವರನ್ನ 'ಹೇಗಿದೀಯೋ' ಅಂತ ಕೇಳಿಬಿಟ್ಟೆ. 'ಹೇಗಿದ್ದೀರಿ' ಅಲ್ಲ. ಹೋಗಲಿ, 'ಹೇಗಿದೀಯೇ' ಕೂಡ ಅಲ್ಲ. ಓಣಿಯ ಮೂಲೆಯಲ್ಲಿ ಸಿಕ್ಕ ಗೆಳೆಯನ ಬೆನ್ನಿಗೆ ಗುದ್ದಿ ಕೇಳುವ ಹಾಗೆ, 'ಹೇಗಿದೀಯೋ'.

ನಾನು ಅಂದದ್ದು 'ಉಶ್ಪಾಕೊವ್?'. ಒಂದು ವಿಡಿಯೊ ನೋಡಿ ಬಾಯಿಪಾಠ ಮಾಡಿದ್ದೆ. ಆ ವಿಡಿಯೊದಲ್ಲಿ ಇಬ್ಬರು ಗಂಡಸರು ಕೈ ಕುಲುಕುತ್ತಿದ್ದರು ಅನ್ನೋದು ನನ್ನ ಗಮನಕ್ಕೇ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಜ್ಜಿ ತೊಡೆ ತಟ್ಟಿಕೊಂಡು ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಮೊಮ್ಮಗಳು ನೀರು ತಂದು ಕೊಡುತ್ತಾ ನನಗೆ ಹೇಳಿದಳು, "ಹೆಂಗಸರಿಗಾದ್ರೆ 'ಬಶ್ಪಾಕೊವ್'. ನೀನು ನಮ್ಮಜ್ಜಿನ ಗಂಡಸು ಮಾಡಿಬಿಟ್ಟೆ."

ಈ ಮೊಮ್ಮಗಳು ಜರ್ಮನಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು. ಟರ್ಕಿಯವಳು ಅಂದುಕೊಂಡಿದ್ದೆ. ಟರ್ಕಿಯವಳೇ, ಆದರೆ ಮನೆಮಾತು ಬೇರೆ. ಡ್ಯೂಜ್ಜೆ ಹತ್ತಿರದ ಅವರ ಹಳ್ಳಿಯಲ್ಲಿ ಹಿರಿಯರು ಇವತ್ತಿಗೂ ಅಬ್ಖಾಜ್ ಮಾತಾಡುತ್ತಾರಂತೆ. ಕಪ್ಪು ಸಮುದ್ರದ ಪೂರ್ವ ದಡದಲ್ಲಿ, ಕಾಕಸಸ್ ಬೆಟ್ಟಗಳ ಬುಡದಲ್ಲಿ ಇವರ ಮೂಲ ನೆಲ, ಅಬ್ಖಾಜಿಯಾ. 1860 ಮತ್ತು 70ರ ದಶಕಗಳಲ್ಲಿ, ರಷ್ಯನ್ ಸಾಮ್ರಾಜ್ಯ ಅಲ್ಲಿ ಕಾಲೂರಿದ ಮೇಲೆ, ಊರಿಗೆ ಊರೇ ಹಡಗು ಹತ್ತಿ ಒಟ್ಟೋಮನ್ ನಾಡಿಗೆ ಬಂತು. ಇವಳ ಮನೆಯವರು ಅವರ ಸಂತಾನ. ಆ ನೆಲವನ್ನು ಇವತ್ತು ಜಾರ್ಜಿಯಾ ತನ್ನದು ಅನ್ನುತ್ತದೆ, ರಷ್ಯಾ 2008ರಲ್ಲಿ ಸ್ವತಂತ್ರ ದೇಶ ಎಂದು ಒಪ್ಪಿಕೊಂಡಿತು, ಜಗತ್ತಿನ ಹೆಚ್ಚಿನ ದೇಶಗಳು ಒಪ್ಪಿಲ್ಲ. ಆ ಜಗಳಕ್ಕೆ ನಾನು ಇಳಿಯಲ್ಲ. ನನಗೆ ಬೇಕಾಗಿದ್ದು ಅವರ ಕ್ರಿಯಾಪದ.

ಯಾಕೆ ಅಂದರೆ, ಆ ಭಾಷೆಯಲ್ಲಿ ಕ್ರಿಯಾಪದ ಬಂದರೆ ಮುಕ್ಕಾಲು ಭಾಷೆ ಬಂದ ಹಾಗೆ. ಯಾರು ಮಾಡಿದರು, ಯಾರಿಗೆ ಮಾಡಿದರು, ಏನನ್ನ, ಎಲ್ಲಿ, ಹೇಗೆ, ಯಾಕೆ, ಆಗುತ್ತೋ ಇಲ್ವೋ, ಎಲ್ಲವನ್ನೂ ಒಂದೇ ಕ್ರಿಯಾಪದದ ಹೊಟ್ಟೆಗೆ ತುಂಬುತ್ತಾರೆ. ನಾಮಪದಕ್ಕೆ ನಮ್ಮ ಹಾಗೆ 'ಅನ್ನು, ಇಗೆ' ಅಂತ ಪ್ರತ್ಯಯ ಹಚ್ಚುವ ಗೊಡವೆಯೇ ಇಲ್ಲ.

ನಾನು ಮೊದಲು ಇಂಗ್ಲಿಷ್ ಮೂಲಕ ಕಲಿಯಲು ಹೋದೆ. ಎರಡು ವಾರ ಏನೂ ತಲೆಗೆ ಹತ್ತಲಿಲ್ಲ. 'ನೀನು' ಅನ್ನೋದಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಯಾಕೆ, ಇಂಗ್ಲಿಷಿನಲ್ಲಿ ಇಲ್ಲ, ಕನ್ನಡದಲ್ಲೂ ಇಲ್ಲ, ಅಂತ ಸಿಟ್ಟು ಬೇರೆ. ಅಜ್ಜಿ ನಕ್ಕ ದಿನ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಯೋಚಿಸುವಾಗ ಹೊಳೀತು. ಕನ್ನಡದಲ್ಲಿ ಇಲ್ಲ ಅಂತ ಯಾರು ಹೇಳಿದ್ದು? ಬಾರೋ, ಬಾರೇ, ಬನ್ನಿ! ವ್ಯಾಕರಣ ಪುಸ್ತಕದ 'ನೀನು'ವಿನಲ್ಲಿ ಇಲ್ಲ, ಆದರೆ ಮನೆಯ ಮಾತಿನಲ್ಲಿ ದಿನಕ್ಕೆ ನೂರು ಸಲ ಇದೆ. ಅಬ್ಖಾಜ್‌ನಲ್ಲಿ 'ಬಾರೋ' ಅಂದರೆ 'ಉಆಯ್', 'ಬಾರೇ' ಅಂದರೆ 'ಬಾಆಯ್', 'ಬನ್ನಿ' ಅಂದರೆ 'ಶ್ವಾಆಯ್'. ನಮ್ಮ ಓ-ಏ ಬಾಲದಲ್ಲಿ ಕೂರುತ್ತದೆ, ಅವರ ಉ-ಬ ತಲೆಯಲ್ಲಿ ಕೂರುತ್ತದೆ. ಅಷ್ಟೇ. ಒಂದು ವ್ಯತ್ಯಾಸ ಮಾತ್ರ ಇದೆ, ನಾವು ಬೇಕಾದರೆ ಓ-ಏ ಬಿಟ್ಟು ಸುಮ್ನೆ 'ಬಾ' ಅನ್ನಬಹುದು, ಅವರಿಗೆ ಆ ಸೌಲಭ್ಯ ಇಲ್ಲ.

ಅಂದಿನಿಂದ ಕನ್ನಡದಲ್ಲೇ ಟಿಪ್ಪಣಿ ಬರೆದುಕೊಳ್ಳಲು ಶುರು ಮಾಡಿದೆ. ಇಲ್ಲೂ ಹಾಗೇ ಬರೆಯುತ್ತೇನೆ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಈ ಭಾಷೆಯಲ್ಲಿ 58 ವ್ಯಂಜನಗಳಿವೆ, ಸ್ವರ ಎರಡೇ. ಬ್ಜ಼ಿಪ್ ಅನ್ನೋ ಉಪಭಾಷೆಯಲ್ಲಂತೂ 67 ವ್ಯಂಜನ. ನಮ್ಮ ಇಡೀ ವರ್ಣಮಾಲೆ ಕೊಟ್ಟರೂ ಸಾಲದು. ಆದ್ದರಿಂದ ನಾನು ಕನ್ನಡದಲ್ಲಿ ಬರೆದದ್ದು ಅಂದಾಜು. ಚುಕ್ಕಿ ಇರುವ 'ಜ಼'ವನ್ನು ಬೆಂಗಳೂರಿನವರು 'ಝೂ'ಗೆ ಹೋಗೋಣ ಅನ್ನುವಾಗ ಹೇಳುವ ಹಾಗೆ ಓದಿಕೊಳ್ಳಿ. 'ಆ' ಅಂತ ಬರೆದದ್ದು ಅವರ ಒಂದು ಸ್ವರ, 'ಅ' ಅಂತ ಬರೆದದ್ದು ಇನ್ನೊಂದು, ಗಂಟಲಲ್ಲೇ ಅರ್ಧ ನುಂಗಿಬಿಡುವ ಸ್ವರ. ಮಧ್ಯೆ ಕೇಳಿಸುವ ಒ, ಎ, ಇ, ಉ ಎಲ್ಲ ಈ ಎರಡು ಸ್ವರ ಅಕ್ಕಪಕ್ಕದ ಯ-ವಗಳ ಜೊತೆ ಬೆರೆತಾಗ ಹುಟ್ಟುವವು. 'ತ' ಅಂತ ಬರೆದ ಕಡೆ ('ತ್ಸ' ಬಿಟ್ಟು) ಅಜ್ಜಿಯ ಬಾಯಲ್ಲಿ ಸಣ್ಣಗೆ ಬಿರಡೆ ಕಿತ್ತ ಹಾಗೆ 'ಟಪ್' ಅನ್ನುತ್ತದೆ. ನನಗೆ ಇನ್ನೂ ಬಂದಿಲ್ಲ. ಕನ್ನಡ ಲಿಪಿಯಿಂದ ಒಂದು ಅನುಕೂಲ ಖಂಡಿತ ಇದೆ, ಒತ್ತಕ್ಷರ! ಇವರು ವ್ಯಂಜನದ ಮೇಲೆ ವ್ಯಂಜನ ಪೇರಿಸುತ್ತಾ ಹೋಗುತ್ತಾರೆ, ನಾವು ಒತ್ತು ಕೊಡುತ್ತಾ ಹೋದರಾಯ್ತು.

ಮೊದಲ ಕ್ರಿಯಾಪದ ಹೋಗುವುದು. ನಿಘಂಟಿನಲ್ಲಿ 'ಆತ್ಸಾರಾ' ಅಂತ ಇರುತ್ತದೆ, ಉತ್ಸವದ 'ತ್ಸ'. ಮುಂದಿನ 'ಆ', ಹಿಂದಿನ 'ರಾ' ಎರಡೂ ಬರೀ ಅಂಗಿ-ಚಡ್ಡಿ, ನಮ್ಮ 'ಹೋಗುವುದು'ವಿನ '-ಉವುದು' ಇದ್ದ ಹಾಗೆ. ಕಿತ್ತರೆ ಉಳಿಯುವುದು 'ತ್ಸಾ'. ಇದರ ಹಿಂದೆ ಕಾಲ, ಮುಂದೆ ಜನ. 'ಸ್ತ್ಸೊಯ್ತ್' ನಾನು ಹೋಗುತ್ತೇನೆ. 'ಉತ್ಸೊಯ್ತ್' ಹೋಗ್ತೀಯೋ. 'ಬ್ತ್ಸೊಯ್ತ್' ಹೋಗ್ತೀಯೇ. 'ದ್ತ್ಸೊಯ್ತ್' ಅವನೋ ಅವಳೋ ಹೋಗುತ್ತಾರೆ. 'ಇತ್ಸೊಯ್ತ್' ಅದು ಹೋಗುತ್ತದೆ, ಅಥವಾ ಅವರು ಹೋಗುತ್ತಾರೆ, ಅಥವಾ ಅವು. 'ಹ್ತ್ಸೊಯ್ತ್' ನಾವು. 'ಶ್ವ್ತ್ಸೊಯ್ತ್' ನೀವು. ಇವನ್ನು ಒಂದು ವಾರ ಬಸ್ಸಿನಲ್ಲಿ ಗುನುಗಿದೆ. ಪಕ್ಕದಲ್ಲಿ ಕೂತವರು ಸೀನು ಬರ್ತಿದೆ ಅಂದುಕೊಂಡು ಕರವಸ್ತ್ರ ಕೊಟ್ಟಿದ್ದೂ ಆಯಿತು.

'ಒಯ್ತ್' ಜಾಗಕ್ಕೆ 'ಎಯ್ತ್' ಹಾಕಿದರೆ ಕಾಲ ಹಿಂದಕ್ಕೆ ಹೋಗುತ್ತದೆ. 'ಸ್ತ್ಸೆಯ್ತ್', ಹೋದೆ. ಹೋಗಲ್ಲ ಅನ್ನಲು 'ಸ್ತ್ಸೊಮ್', ಕೊನೆಯಲ್ಲಿ ಒಂದು 'ಮ್'. ಹೋಗಲಿಲ್ಲ ಅನ್ನಲು ಅದೇ 'ಮ್' ಎದ್ದು ಬಂದು ಧಾತುವಿನ ಮುಂದೆ ಕೂರುತ್ತದೆ, 'ಸಮ್ತ್ಸೆಯ್ತ್'. ಇನ್ನೊಂದು ಮಜಾ ನೋಡಿ. 'ಉತ್ಸೊಮ್' ಅಂದರೆ ನೀನು ಹೋಗಲ್ಲ. 'ಉತ್ಸೊಮಾ?' ಅಂದರೆ ಹೋಗ್ತೀಯಾ? ನಮ್ಮ ಹಾಗೇ ಕೊನೆಯಲ್ಲಿ 'ಆ' ಎಳೆದರೆ ಪ್ರಶ್ನೆ! ಇಲ್ಲಿ ಪ್ರತ್ಯಯ ನಿಜವಾಗಿ 'ಮಾ', ಹೋಲಿಕೆ ಬರೀ ಕಾಕತಾಳೀಯ, ಎರಡು ಭಾಷೆಗಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ನೆನಪಿಟ್ಟುಕೊಳ್ಳಲು ಸಾಕು. 'ಎಲ್ಲಿಗೆ' ಅಂತ ಕೇಳಬೇಕಾದರೆ ಮಾತ್ರ ನಮ್ಮ ದಾರಿ ಬೇರೆ ಅವರ ದಾರಿ ಬೇರೆ. 'ಎಲ್ಲಿ'ಯನ್ನು ಅವರು ಕ್ರಿಯಾಪದದ ಒಳಗೇ ತುರುಕುತ್ತಾರೆ, 'ಉಆಬಾತ್ಸೊಯ್?'. ಉ ನೀನು, ಆಬಾ ಎಲ್ಲಿ, ತ್ಸೊ ಹೋಗು. ನಾನು ಅಜ್ಜಿಗೆ ಕೇಳಿದ 'ಉಶ್ಪಾಕೊವ್'ನಲ್ಲೂ ಇದೇ ಕಥೆ, ನಡುವಿನ 'ಶ್ಪಾ' ಅಂದರೆ 'ಹೇಗೆ'.

ಎರಡನೆಯದು ನೋಡುವುದು, 'ಆಬಾರಾ'. ಇಲ್ಲಿ ನಾನು ಸುಮಾರು ಒಂದು ತಿಂಗಳು ನಿಂತುಬಿಟ್ಟೆ.

ನೋಡುವುದಕ್ಕೆ ಇಬ್ಬರು ಬೇಕಲ್ವಾ, ನೋಡುವವರು, ಕಣ್ಣಿಗೆ ಬೀಳುವವರು. ಇಬ್ಬರೂ ಕ್ರಿಯಾಪದದ ಮುಂದೆ ಸಾಲಾಗಿ ನಿಲ್ಲಬೇಕು. ಕಣ್ಣಿಗೆ ಬಿದ್ದವರು ಮೊದಲು, ನೋಡಿದವರು ಆಮೇಲೆ. ನಿನ್ನನ್ನು ನೋಡುತ್ತೇನೆ ಅಂತ ಹೆಂಗಸಿಗೆ ಹೇಳಲು 'ಬಜ಼್ಬೊಯ್ತ್'. ಬ ನೀನು, ಜ಼್ ನಾನು, ಬೊ ನೋಡು. ಅರೆ, 'ನಾನು' ಅಂದರೆ 'ಸ್' ಅಲ್ವಾ, ಜ಼್ ಎಲ್ಲಿಂದ ಬಂತು? ಪಕ್ಕದ 'ಬ'ದ ಸಹವಾಸ ದೋಷ. ವಾಕ್ ಮತ್ತು ದೇವಿ ಸೇರಿ ವಾಗ್ದೇವಿ ಆಗುವ ಹಾಗೆ, 'ಸ್' ಮತ್ತು 'ಬ' ಸೇರಿ 'ಜ಼್ಬ'. ಹೈಸ್ಕೂಲಿನಲ್ಲಿ ಜಶ್ತ್ವ ಸಂಧಿಗೆ ಉದಾಹರಣೆ ಕೇಳಿದಾಗ ನಾನು ಬಾಯಿ ಬಿಡಲಾಗದೆ ನಿಂತವನು. ಇಷ್ಟು ವರ್ಷದ ಮೇಲೆ ಕಾಕಸಸ್‌ನಲ್ಲಿ ಉದಾಹರಣೆ ಸಿಕ್ಕಿತು.

ಇಷ್ಟಾದ ಮೇಲೆ 'ಸಲ್ಬೊಯ್ತ್' ನೋಡಿ. ಅವಳು ನನ್ನನ್ನು ನೋಡುತ್ತಾಳೆ. 'ಸಿಬೊಯ್ತ್', ಅವನು ನನ್ನನ್ನು ನೋಡುತ್ತಾನೆ. ಇಲ್ಲಿ 'ಲ್' ಅಂದರೆ ಅವಳು, 'ಇ' ಅಂದರೆ ಅವನು. ಹೋಗುವಾಗ ಇಬ್ಬರೂ ಒಂದೇ 'ದ್' ಆಗಿದ್ದರು, ಗಂಡು ಹೆಣ್ಣು ಭೇದ ಇರಲಿಲ್ಲ. ಇನ್ನೊಬ್ಬರನ್ನು ನೋಡಲು ಶುರು ಮಾಡಿದ ತಕ್ಷಣ ಬೇರೆ ಬೇರೆ ಆದರು! ಇನ್ನು 'ದಲ್ಬೊಯ್ತ್' ಅಂದರೆ ಅವಳು ಅವನನ್ನೋ ಅವಳನ್ನೋ ನೋಡುತ್ತಾಳೆ. ಅಂದರೆ ಸುಮ್ನೆ ಹೋಗುವವರಿಗೂ, ಇನ್ನೊಬ್ಬರ ಕಣ್ಣಿಗೆ ಬೀಳುವವರಿಗೂ ಒಂದೇ ಗುರುತು, 'ದ್'. ನೋಡುವವರಿಗೆ ಮಾತ್ರ ಬೇರೆ. ಇದು ಕನ್ನಡದ ಬುದ್ಧಿಗೆ ಸುಲಭಕ್ಕೆ ಇಳಿಯುವುದಿಲ್ಲ. ನಮ್ಮಲ್ಲಿ 'ಅವಳು' ಹೋದರೂ ಅವಳೇ, ನೋಡಿದರೂ ಅವಳೇ. ಹಿಂದಿ ಕಲಿಯುವಾಗ 'ನೇ' ಹಾಕೋದು ಮರೆತು ಬೈಸಿಕೊಂಡವರಿಗೆ ಸ್ವಲ್ಪ ಸುಳಿವು ಸಿಗಬಹುದು. 'ಅವಳು ಹೋದಳು' ಅನ್ನುವಾಗ 'ನೇ' ಬೇಡ, 'ಅವಳು ನೋಡಿದಳು' ಅನ್ನುವಾಗ 'ನೇ' ಬೇಕು. ಹಿಂದಿಯಲ್ಲಿ ಅದು ಭೂತಕಾಲಕ್ಕೆ ಮಾತ್ರ, ಇಲ್ಲಿ ಎಲ್ಲ ಕಾಲಕ್ಕೂ.

ಇದೇ 'ಬಜ಼್ಬೊಯ್ತ್' ಮುಂದೆ 'ಬ್ಜ಼ಿಯಾ' ಅನ್ನೋ ಪದ ಇಟ್ಟರೆ 'ಬ್ಜ಼ಿಯಾ ಬಜ಼್ಬೊಯ್ತ್'. ಬ್ಜ಼ಿಯಾ ಅಂದರೆ ಒಳ್ಳೆಯದು, ಚೆನ್ನಾಗಿ. ಅಕ್ಷರಕ್ಕೆ ಅಕ್ಷರ ನೋಡಿದರೆ 'ನಿನ್ನನ್ನು ಚೆನ್ನಾಗಿ ನೋಡುತ್ತೇನೆ'. ಅರ್ಥ, ನಿನ್ನ ಮೇಲೆ ಪ್ರೀತಿ ಇದೆ. ಪ್ರೀತಿ ಅನ್ನೋ ನಾಮಪದವೂ ಇದರದೇ ಮರಿ, 'ಆಬ್ಜ಼ಿಯಾಬಾರಾ', ಒಳ್ಳೆ-ನೋಡುವಿಕೆ. ಅಂತರ್ಜಾಲದಲ್ಲಿ ಇದನ್ನ ಏನೋ ದೊಡ್ಡ ವಿಚಿತ್ರ ಅನ್ನೋ ಹಾಗೆ ಹಂಚಿಕೊಳ್ಳುತ್ತಾರೆ. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮಮ್ಮ ಯಾವತ್ತೂ 'ಪ್ರೀತಿಸುತ್ತೇನೆ' ಅಂದವಳಲ್ಲ. 'ಅವನನ್ನ ಕಂಡ್ರೆ ಅವಳಿಗೆ ಪ್ರಾಣ', 'ನನ್ನ ಕಂಡ್ರೆ ಅವರಿಗೆ ಆಗಲ್ಲ', ನಮ್ಮ ಮನೆಗಳಲ್ಲಿ ಇಷ್ಟ ಕಷ್ಟ ಎರಡೂ 'ಕಾಣು' ಅನ್ನೋ ಧಾತುವಿನ ಮೇಲೇ ನಡೆಯುತ್ತವಲ್ಲ.

ಸ್ವಾಗತಕ್ಕೂ ಇದೇ ಧಾತು. ಬಾಗಿಲಲ್ಲಿ ನಿಂತವರಿಗೆ 'ಬ್ಜ಼ಿಯಾಲಾ ಶ್ವಾಬೆಯ್ತ್' ಅನ್ನುತ್ತಾರೆ, ಒಳ್ಳೆಯದರ ಜೊತೆ ನಿಮ್ಮನ್ನು ಕಂಡೆವು ಅಂತ. ಬಂದವರು 'ಬ್ಜ಼ಿಯಾ ಜ಼್ಬಾಶಾ' ಅಂತ ಉತ್ತರ ಕೊಡಬೇಕು, ಒಳ್ಳೆಯದನ್ನೇ ಕಾಣುವವರು ಅಂತ. ಒಂದೇ 'ಬಾ'ದ ಮೇಲೆ ಎಷ್ಟು ಸಂಸಾರ ನೋಡಿ.

ಅಜ್ಜಿಯ ಅಡುಗೆಮನೆಗೆ ವಾಪಸ್ ಬರೋಣ. ಅವತ್ತು ಅವರು 'ಉತ್ವಾ' ಅಂದರು. ಕೂತ್ಕೋಳೋ. ಕೂತೆ. 'ಸ್ತ್ವೊಯ್ತ್' ಅಂದರೆ ಕೂರುತ್ತೇನೆ, ಬಗ್ಗಿ ಕುರ್ಚಿಯ ಕಡೆ ಹೋಗುವ ಕೆಲಸ. 'ಸ್ತ್ವೊವ್ಪ್' ಅಂದರೆ ಕೂತಿದ್ದೇನೆ, ಕೆಲಸ ಮುಗಿದಿದೆ, ಸ್ಥಿತಿ ಮಾತ್ರ ಉಳಿದಿದೆ. ಹೀಗೆ 'ಪ್' ಅಂತ ತುಟಿ ಮುಚ್ಚಿ ಮುಗಿಯುವ ಕ್ರಿಯಾಪದಗಳದ್ದೇ ಒಂದು ಗುಂಪು. 'ಸಕೊವ್ಪ್' ಇದ್ದೇನೆ, 'ಇಸಮೊವ್ಪ್' ನನ್ನ ಹತ್ತಿರ ಇದೆ, 'ಸಬ್ಜ಼ಿಯೊವ್ಪ್' ಚೆನ್ನಾಗಿದ್ದೇನೆ. ನಡೆಯುವುದಕ್ಕೊಂದು ಬಾಲ, ಇರುವುದಕ್ಕೊಂದು ಬಾಲ. ಕೇಳಿದರೆ ಗೊತ್ತಾಗಿಬಿಡುತ್ತದೆ.

ಒಲೆಯ ಮೇಲಿಂದ 'ಆಬಸ್ಥಾ' ಬಂತು. ಜೋಳದ ಹಿಟ್ಟಿನ ಗಟ್ಟಿ ಅಂಬಲಿ ಅನ್ನಬೇಕೋ, ಮೆತ್ತನೆಯ ಮುದ್ದೆ ಅನ್ನಬೇಕೋ. ನಮ್ಮ ಜೋಳ ಅಲ್ಲ, ಮೆಕ್ಕೆಜೋಳ. ಅದು ಅಮೆರಿಕದಿಂದ ಬರುವ ಮುಂಚೆ ಕಿರುಧಾನ್ಯದ ಹಿಟ್ಟಿನಲ್ಲಿ ಮಾಡುತ್ತಿದ್ದರು. ಉಪ್ಪು ಹಾಕಲ್ಲ. ಬಿಸಿ ಇರುವಾಗಲೇ ಚೀಸ್ ತುಂಡನ್ನು ಅದರೊಳಗೆ ಚುಚ್ಚುತ್ತಾರೆ, ಪಕ್ಕದಲ್ಲಿ 'ಆಜಿಕಾ', ಮೆಣಸಿನಕಾಯಿ ಬೆಳ್ಳುಳ್ಳಿ ಸೊಪ್ಪು ಅರೆದ ಖಾರ. ಕೈಯಲ್ಲೇ ತಿನ್ನುವುದು. ನಾನು ಮುರಿದು, ಉಂಡೆ ಮಾಡಿ, ಖಾರಕ್ಕೆ ಅದ್ದಿ ಬಾಯಿಗೆ ಹಾಕಿಕೊಂಡೆ. ಅಜ್ಜಿ ಮೊಮ್ಮಗಳ ಕಡೆ ತಿರುಗಿ ಏನೋ ಅಂದರು. 'ಇವನಿಗೆ ಯಾರು ಕಲಿಸಿದ್ದು' ಅಂತ ಕೇಳ್ತಿದಾರೆ ಅಂದಳು. ಮಂಡ್ಯದ ಹೆಸರು ಹೇಳಿದೆ. ಅದು ಎಲ್ಲಿದೆ ಅಂತ ವಿವರಿಸುವಷ್ಟು ಕ್ರಿಯಾಪದ ನನ್ನ ಹತ್ತಿರ ಇರಲಿಲ್ಲ.

ಆಗ ಅವರು ತಟ್ಟೆ ತಳ್ಳುತ್ತಾ 'ಇಫಾ! ಇಫಾ!' ಅಂದರು. ಅದನ್ನ ತಿನ್ನು. ಇಲ್ಲಿ ಒಂದು ಸಮಾಧಾನದ ಸುದ್ದಿ. ಏನನ್ನಾದರೂ ತಿನ್ನು, ನೋಡು, ತಗೋ ಅಂತ ಒಬ್ಬರಿಗೆ ಹೇಳುವಾಗ 'ನೀನು' ಅನ್ನೋ ಗುರುತು ಬಿದ್ದುಹೋಗುತ್ತದೆ. ಉ ಇಲ್ಲ, ಬ ಇಲ್ಲ. ಗಂಡಸಿಗೂ ಇಫಾ, ಹೆಂಗಸಿಗೂ ಇಫಾ. ನನ್ನಂಥ ಎಡವಟ್ಟಿನವನು ಧೈರ್ಯವಾಗಿ ಬಳಸಬಹುದಾದ ವಾಕ್ಯ. ಆದರೆ ತಿನ್ನಬೇಡ ಅನ್ನುವಾಗ ಇಬ್ಬರೂ ಹಾಜರ್, 'ಇಉಮ್ಫಾನ್' ತಿನ್ನಬೇಡವೋ, 'ಇಬಮ್ಫಾನ್' ತಿನ್ನಬೇಡವೇ. ಅಂದರೆ ಉಪಚಾರ ಮಾಡುವಾಗ ಲಿಂಗ ಬೇಡ, ತಡೆಯುವಾಗ ಬೇಕು. ನಾನು ಉಪಚಾರ ಮಾತ್ರ ಮಾಡೋದು ಅಂತ ತೀರ್ಮಾನಿಸಿದೆ.

ಓದುವುದು ಅನ್ನೋದು ಇನ್ನೊಂದು ಗುಂಪು. ತಿನ್ನುತ್ತೇನೆ ಅನ್ನುವಾಗ 'ಇಸ್ಫೊಯ್ತ್', 'ಅದು' ಮುಂದೆ, 'ನಾನು' ಹಿಂದೆ. ಓದುತ್ತೇನೆ ಅನ್ನುವಾಗ 'ಸಾಪ್ಖ್ಯೊಯ್ತ್', 'ನಾನು' ಮುಂದೆ, 'ಅದು' ಹಿಂದೆ. ಪುಸ್ತಕವನ್ನು ಓದುವುದಲ್ಲ, ಪುಸ್ತಕಕ್ಕೆ ಓದುವುದು ಅನ್ನೋ ಹಾಗೆ. ಯಾಕೆ ಅಂತ ಕೇಳಬೇಡಿ, ಒಪ್ಪಿಕೊಂಡು ಮುಂದೆ ಹೋಗಿ.

ಓದುವ ವಿಷಯ ಬಂದಾಗ ಲಿಪಿಯ ಪಾಡನ್ನೂ ಹೇಳಬೇಕು. 1862ರಲ್ಲಿ ಉಸ್ಲಾರ್ ಅನ್ನೋ ರಷ್ಯನ್ ಸೇನಾಧಿಕಾರಿ ಸಿರಿಲಿಕ್ ಅಕ್ಷರಗಳಲ್ಲಿ ಮೊದಲ ವರ್ಣಮಾಲೆ ಕಟ್ಟಿದ. 1892ರಲ್ಲಿ ದಿಮಿತ್ರಿ ಗುಲಿಯಾ ಮತ್ತು ಮಾಚಾವಾರಿಯಾನಿ ಅದನ್ನು ತಿದ್ದಿ ಮಕ್ಕಳ ಪುಸ್ತಕ ತಂದರು. ಸೋವಿಯತ್ ಕಾಲದಲ್ಲಿ ಲ್ಯಾಟಿನ್ ಆಯಿತು, 1938ರಲ್ಲಿ ಜಾರ್ಜಿಯನ್ ಲಿಪಿ ಆಯಿತು, 1954ರಲ್ಲಿ ಮತ್ತೆ ಸಿರಿಲಿಕ್. ಒಂದೇ ಜೀವಮಾನದಲ್ಲಿ ಮೂರು ಸಲ ಅಕ್ಷರಾಭ್ಯಾಸ! ಟರ್ಕಿಯಲ್ಲಿ ಬೆಳೆದ ಅಜ್ಜಿಗೆ ಇವ್ಯಾವುದೂ ಬರಲ್ಲ. ಬಾಯಲ್ಲಿ ಮಾತ್ರ ಭಾಷೆ. ನಾನು ಸಿರಿಲಿಕ್‌ನಲ್ಲಿ ಬರೆದು ತೋರಿಸಿದ ಅವರದೇ ಭಾಷೆಯನ್ನು ಅವರು ಓದಲಾರರು, ಅವರು ಹೇಳಿದ್ದನ್ನು ನಾನು ಕೇಳಿ ಹಿಡಿಯಲಾರೆ. ಮೊಮ್ಮಗಳಿಗೆ ಬರುವುದು ಬೈಗುಳ, ತಿಂಡಿಯ ಹೆಸರು, ಒಂದಷ್ಟು ಆಜ್ಞೆಗಳು. ಅವಳೇ ಹೇಳಿದ್ದು, ನಗುತ್ತಾ. ಇವರ ನೆಂಟ ಭಾಷೆ ಉಬಿಖ್, ಅದೂ ಹೀಗೇ ಟರ್ಕಿಗೆ ವಲಸೆ ಬಂದದ್ದು. ಅದನ್ನು ಚೆನ್ನಾಗಿ ಬಲ್ಲ ಕೊನೆಯವರಾದ ತೆವ್ಫಿಕ್ ಎಸೆಂಚ್ 1992ರಲ್ಲಿ ತೀರಿಕೊಂಡರು. ಅಬ್ಖಾಜ್‌ಗೆ ಆ ಸ್ಥಿತಿ ಬಂದಿಲ್ಲ, ಅಬ್ಖಾಜಿಯಾದಲ್ಲಿ ಶಾಲೆ ಇದೆ, ಪತ್ರಿಕೆ ಇದೆ. ಆದರೂ ಮಾತಾಡುವವರನ್ನೆಲ್ಲ ಒಟ್ಟು ಸೇರಿಸಿದರೂ ಮೈಸೂರು ನಗರದ ಜನಕ್ಕಿಂತ ಕಡಿಮೆ.

ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಪದ ಹೇಳಬೇಕು, 'ಇಸಜ಼್ದರುವಾಮ್'. ಗೊತ್ತಿಲ್ಲ. ಗೊತ್ತು ಅನ್ನಲು 'ಇಜ಼್ದರುವೆಯ್ತ್', ಇಲ್ಲಿ 'ನಾನು' ಕರ್ತೃ, ಯಜಮಾನ. ಗೊತ್ತಿಲ್ಲ ಅನ್ನುವಾಗ 'ಜ಼್' ಅನ್ನೋ ಬೇರೊಂದು ಪ್ರತ್ಯಯ ಬರುತ್ತದೆ. 'ಆಗಲ್ಲ, ಸಾಧ್ಯ ಇಲ್ಲ' ಅನ್ನೋ ಅರ್ಥದ್ದು. ಅದು ಬಂದ ತಕ್ಷಣ 'ನಾನು' ಯಜಮಾನಿಕೆ ಬಿಟ್ಟು 'ನನಗೆ' ಆಗುತ್ತದೆ. ಅದು ನನ್ನಿಂದ ತಿಳಿಯಲಾಗದು ಅನ್ನೋ ಧಾಟಿ. 'ನಾನು ಬಲ್ಲೆ' ಅನ್ನುವವರು ಗೊತ್ತಿಲ್ಲದಾಗ 'ನನಗೆ ಗೊತ್ತಿಲ್ಲ' ಅನ್ನುವುದಿಲ್ವೇ? ಮಾಡುತ್ತೇನೆ ಅನ್ನುವಾಗ 'ನಾನು', ಆಗದಿದ್ದಾಗ 'ನನ್ನಿಂದ ಆಗಲ್ಲ'. ಇಂಗ್ಲಿಷಿನ ಮೂಲಕ ಹೋಗಿದ್ದರೆ ಇದಕ್ಕೆ ಎರಡು ಪುಟ ವಿವರಣೆ ಓದಬೇಕಿತ್ತು. ಕನ್ನಡದಿಂದ ಹೋದವನಿಗೆ ಅರ್ಧ ನಿಮಿಷ.

ಈಗ ನಾನು ಸಿಕ್ಕಿಹಾಕಿಕೊಂಡಿರುವುದು ಕೊಡುವುದರಲ್ಲಿ. ಮೂರು ಜನ ಸಾಲಾಗಿ ನಿಲ್ಲುತ್ತಾರೆ. ಕೊಟ್ಟ ವಸ್ತು, ಇಸಕೊಂಡವರು, ಕೊಟ್ಟವರು, ಇದೇ ಕ್ರಮದಲ್ಲಿ. 'ಇಲಸ್ಥೆಯ್ತ್', ಅದನ್ನು ಅವಳಿಗೆ ನಾನು ಕೊಟ್ಟೆ. 'ಇಸಲ್ಥೆಯ್ತ್', ಅದನ್ನು ನನಗೆ ಅವಳು ಕೊಟ್ಟಳು. ಲ ಮತ್ತು ಸ ಜಾಗ ಬದಲಾಯಿಸಿದರೆ ಸಾಲಗಾರ ಸಾಹುಕಾರ ಆಗುತ್ತಾನೆ.

ಅಜ್ಜಿ ಊರಿಗೆ ಹೊರಡುವ ಮುಂಚೆ ತಮ್ಮ ಕೈಯಾರೆ ಅರೆದ ಆಜಿಕಾದ ಒಂದು ಬಾಟಲಿ ಕಳಿಸಿದ್ದರು. ಸಂಜೆ ಫೋನಿನಲ್ಲಿ ಥ್ಯಾಂಕ್ಸ್ ಹೇಳೋಣ ಅಂತ ಎಲ್ಲ ಲೆಕ್ಕ ಹಾಕಿ ಚೀಟಿ ಬರೆದುಕೊಂಡಿದ್ದೆ. ಮೊದಲು 'ಬಶ್ಪಾಕೊವ್' ಅಂದೆ, 'ಬ' ಒತ್ತಿ ಒತ್ತಿ. ಅಜ್ಜಿ ಖುಷಿಯಾದರು. ಆಮೇಲೆ ಫೋನ್ ಮೊಮ್ಮಗಳ ಕೈಗೆ ಹೋಯಿತು. ಅವಳ ಹತ್ತಿರವೂ ಒಂದು ಮಾತು ಆಡೋಣ ಅಂತ, ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಜೋರಾಗಿ, "ಆಜಿಕಾ ಇಲಸ್ಥೆಯ್ತ್!" ಅಂದೆ.

ಆ ಕಡೆಯಿಂದ ಮೊದಲು ಮೊಮ್ಮಗಳ ನಗು, ಆಮೇಲೆ ಸ್ವಲ್ಪ ದೂರದಿಂದ ಅಜ್ಜಿಯ ಕೆಮ್ಮು. "ನೀನು ಯಾವಾಗಪ್ಪಾ ನಮ್ಮಜ್ಜಿಗೆ ಆಜಿಕಾ ಕೊಟ್ಟಿದ್ದು?"

ಇಸಜ಼್ದರುವಾಮ್, ಅಂದೆ.